ಸ್ಟೇಜ್ ಮ್ಯಾನೇಜರ್ ಆಗ್ತೀರಾ ಅಂತ ಯಾರಾದರೂ ಕೇಳಿದರೆ

ನಮ್ಮ ನಾಟಕ ಈಚೆಗಷ್ಟೇ ಮುಗಿಯಿತು. ಬಾಡಿಗೆ ಬಟ್ಟೆಗಳು ವಾಪಸ್ ಹೋಗಿವೆ. ನನ್ನ ಗಂಟಲು ಇನ್ನೂ ಸರಿಹೋಗಿಲ್ಲ. ದಸರಾ ಮುಗಿದ ಮೇಲೆ ಶುರುವಾದ ಕೆಲಸ ಫೆಬ್ರವರಿಯಲ್ಲಿ ಮುಗಿಯಿತು, ಅಷ್ಟೂ ದಿನ ನಾನು ಸ್ಟೇಜ್ ಮ್ಯಾನೇಜರ್. ಒಪ್ಪಿಕೊಳ್ಳುವ ಮೊದಲು ಈ ಕೆಲಸದಲ್ಲಿ ಏನೇನಿರುತ್ತದೆ ಅಂತ ನಾಲ್ಕಾರು ಜನರನ್ನು ಕೇಳಿದ್ದೆ. "ಮಾಡ್ತಾ ಮಾಡ್ತಾ ಗೊತ್ತಾಗುತ್ತೆ ಬಿಡಿ" ಅಂದರು. ಗೊತ್ತಾಯಿತು. ಮುಂದೆ ಮಾಡುವವರಿಗೆ ಸ್ವಲ್ಪ ಮೊದಲೇ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರು ದಕ್ಷಿಣದ ಒಂದು ಹವ್ಯಾಸಿ ತಂಡ. ಯಾರಿಗೂ ಸಂಬಳವಿಲ್ಲ. ಪಾತ್ರ ಮಾಡುವವರೆಲ್ಲ ದೊಡ್ಡವರು. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಒಬ್ಬರು ಕಾಲೇಜು ಮೇಡಂ, ಅಜ್ಜನ ಪಾತ್ರಕ್ಕೆ ಒಬ್ಬ ನಿವೃತ್ತ ಎಂಜಿನಿಯರ್. ಮಕ್ಕಳ ನಾಟಕ ಮಾಡಿಸುವ ಗೆಳತಿಯೊಬ್ಬಳು "ನಿಂಗೇನಮ್ಮ, ದೊಡ್ಡವರು, ಹೇಳಿದ್ದು ಕೇಳ್ತಾರೆ" ಅಂದಳು. ಮಕ್ಕಳನ್ನಾದರೆ ಅಪ್ಪನೋ ಅಮ್ಮನೋ ಟೈಮಿಗೆ ಸರಿಯಾಗಿ ತಂದು ಬಿಡುತ್ತಾರೆ. ದೊಡ್ಡವರನ್ನು ತಂದು ಬಿಡುವವರು ಯಾರು?

ಮೊದಲು ನಾಟಕ ಗೊತ್ತಾಗಬೇಕಲ್ಲ. ಇಲ್ಲೇ ಮೊದಲ ಕಾಯುವಿಕೆ. ನಿರ್ದೇಶಕರಿಗೆ ಇಷ್ಟವಾದ ಒಂದು ನಾಟಕಕ್ಕೆ ಲೇಖಕರ ಮನೆಯವರ ಅನುಮತಿ ಬೇಕಿತ್ತು. ಫೋನು ಮಾಡಿದೆವು, ಪತ್ರ ಬರೆದೆವು. ಉತ್ತರ ಬರಲಿಲ್ಲ. ಈ ವಿಷಯದಲ್ಲಿ ಕಾನೂನು ಸ್ವಲ್ಪ ತಿಳಿದಿರಲಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ನಾಟಕಗಳಿಗೆ ಈಗ ಯಾರನ್ನೂ ಕೇಳಬೇಕಾಗಿಲ್ಲ. ಅನುವಾದ ಅಥವಾ ರೂಪಾಂತರ ಆಗಿದ್ದರೆ ಅದಕ್ಕೆ ಬೇರೆಯೇ ಹಕ್ಕು ಇರುತ್ತದೆ, ಮೂಲ ಹಳೆಯದು ಅಂತ ಮಾಡಿಬಿಡಬೇಡಿ. ಹವ್ಯಾಸಿ ಸಂಘದವರು ಪ್ರೇಕ್ಷಕರಿಂದ ದುಡ್ಡು ತೆಗೆದುಕೊಳ್ಳದೆ ಆಡಿದರೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಆ ಮಾತಿಲ್ಲ. ನಮಗೆ ಟಿಕೆಟ್ ಇಡಲೇಬೇಕಿತ್ತು. ಕೊನೆಗೆ ತಂಡದವರೇ ಒಬ್ಬರು ಬರೆದ ಹೊಸ ನಾಟಕ ತೆಗೆದುಕೊಂಡೆವು. ಚಾಮರಾಜಪೇಟೆಯ ಒಂದು ವಠಾರ, ನಡುವೆ ಬಾವಿ, ಬಾವಿ ಮುಚ್ಚಿಸಬೇಕೋ ಬೇಡವೋ ಅನ್ನುವ ಜಗಳ. ನಮ್ಮದೇ ನಾಟಕವಾದರೂ ಬರೆದವರಿಂದ ಒಂದು ಹಾಳೆಯ ಒಪ್ಪಿಗೆ ಬರೆಸಿಕೊಂಡೆ. ಸ್ನೇಹಿತರು ಅಂತ ಸುಮ್ನೆ ಬಿಡಬೇಡಿ.

ಆಮೇಲೆ ಹಾಲ್. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ತುಂಬಿಸುವ ಧೈರ್ಯ ನಮಗಿರಲಿಲ್ಲ. ಪಕ್ಕದ ನಯನ, ಹನುಮಂತನಗರದ ಕೆ.ಎಚ್. ಕಲಾಸೌಧ, ಜೆ.ಪಿ. ನಗರದ ರಂಗಶಂಕರ, ಎಲ್ಲವನ್ನೂ ಯೋಚಿಸಿದೆವು. ನಮಗೆ ಬೇಕಾದ ದಿನಕ್ಕೆ ಯಾವುದೂ ಕೂಡಿಬರಲಿಲ್ಲ. ಮೊದಲು ನವೆಂಬರ್ ಅಂದುಕೊಂಡಿದ್ದೆವು. ನವೆಂಬರಿನಲ್ಲಿ ಬೆಂಗಳೂರಿನ ಹಾಲುಗಳು ರಾಜ್ಯೋತ್ಸವಕ್ಕೆ ಹೋಗುತ್ತವೆ, ತಿಂಗಳಿಡೀ. ಡಿಸೆಂಬರಿನಲ್ಲಿ ಶಾಲೆಗಳ ವಾರ್ಷಿಕೋತ್ಸವ. ಸಂಕ್ರಾಂತಿಗೆ ನಮ್ಮ ನಟರೇ ಊರಿಗೆ ಹೋಗುತ್ತಾರೆ. ಈ ಸಲ ಜನವರಿ 26 ಸೋಮವಾರ ಬಿದ್ದಿತ್ತು. ಅಂದರೆ ಮೂರು ದಿನ ರಜೆ, ಪ್ರೇಕ್ಷಕರೆಲ್ಲ ಚಿಕ್ಕಮಗಳೂರಿನಲ್ಲಿ. ಹಾಗಾಗಿ ಫೆಬ್ರವರಿಯ ಒಂದು ಭಾನುವಾರ. ಮೇಲೆ ಹೇಳಿದ ಯಾವುದೂ ಅಲ್ಲದ ಒಂದು ಚಿಕ್ಕ ಸಭಾಂಗಣ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ತಾಲೀಮು ಒಂದು ಶಾಲೆಯ ಮೇಲ್ಮಹಡಿಯಲ್ಲಿ, ಸಂಜೆ ಆರೂವರೆಯಿಂದ. ಮೊದಲ ವಾರಗಳು ಹೇಗಿದ್ದವು ಅಂದರೆ, ಆರೂವರೆಗೆ ನಾನು ಮತ್ತು ಅಜ್ಜನ ಪಾತ್ರದ ಸರ್, ಇಬ್ಬರೇ. ಏಳಕ್ಕೆ ಇನ್ನಿಬ್ಬರು. ಏಳೂವರೆಗೆ ಎಲ್ಲರೂ ಸೇರುವಷ್ಟರಲ್ಲಿ ಮೊದಲು ಬಂದವರಿಗೆ ಹಸಿವು. ಎಲೆಕ್ಟ್ರಾನಿಕ್ ಸಿಟಿಯಿಂದ ಬರುವವರೊಬ್ಬರಿದ್ದರು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾದದ್ದು ಅವರಿಗೆ ದೊಡ್ಡ ವರ. ಆದರೆ ಮೊದಮೊದಲು 25 ನಿಮಿಷಕ್ಕೊಂದು ರೈಲು, ನಮ್ಮ ತಾಲೀಮು ಶುರುವಾದಾಗಲೂ ಪದೇ ಪದೇ ಬರುತ್ತಿರಲಿಲ್ಲ. ಅವರಿಗೆ ಒಂದು ರೈಲು ತಪ್ಪಿದರೆ ನಮಗೆ ಒಂದು ದೃಶ್ಯ ತಪ್ಪಿತು.

ನಿರ್ದೇಶಕರು ಒಂದು ಉಪಾಯ ಹೇಳಿದರು: ಆರಕ್ಕೆ ಬನ್ನಿ ಅನ್ನಿ, ಆರೂವರೆಗೆ ಬರ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಒಂದು ವಾರದಲ್ಲಿ ಎಲ್ಲರಿಗೂ ಗುಟ್ಟು ಗೊತ್ತಾಗುತ್ತದೆ. ಆಮೇಲೆ ನೀವು ಹೇಳಿದ ಯಾವ ಟೈಮಿಗೂ ಬೆಲೆ ಇರುವುದಿಲ್ಲ. ನಾನು ಬೇರೆ ರೀತಿ ನೋಡಿದೆ. ತಡವಾಗಿ ಬರುತ್ತಿದ್ದವರು ಯಾರು? ಹೆಚ್ಚಿನವರು ಹಿಂದಿನ ದಿನ ಟೈಮಿಗೆ ಬಂದು, ಎರಡು ಗಂಟೆ ಸುಮ್ನೆ ಕೂತು, ಎರಡು ಮಾತು ಆಡಿ ಮನೆಗೆ ಹೋದವರು. ಮನೆಯಲ್ಲಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದಿರುತ್ತಾರೆ. ಮೀಟಿಂಗಿನಿಂದ ಎದ್ದು ಬಂದಿರುತ್ತಾರೆ. ಬಂದದ್ದಕ್ಕೆ ಕೆಲಸ ಆಗದಿದ್ದರೆ ಮಾರನೆಯ ದಿನ ಯಾಕೆ ಓಡಿ ಬರಬೇಕು?

ಅಲ್ಲಿಂದ ಎಲ್ಲರನ್ನೂ ಒಟ್ಟಿಗೆ ಕರೆಯುವುದು ನಿಲ್ಲಿಸಿದೆ. ಯಾವ ದೃಶ್ಯದಲ್ಲಿ ಯಾರಿದ್ದಾರೆ ಅಂತ ಒಂದು ಚಾರ್ಟ್ ಮಾಡಿದೆ. ಅಡ್ಡ ಸಾಲಿನಲ್ಲಿ ದೃಶ್ಯಗಳು, ಉದ್ದ ಸಾಲಿನಲ್ಲಿ ಪಾತ್ರಗಳು. ಇನ್ನೊಂದು ಹಾಳೆಯಲ್ಲಿ ಪ್ರತಿಯೊಬ್ಬರೂ ಬರಲಾಗದ ದಿನಗಳು. ಆಫೀಸಿನ ರಾತ್ರಿ ಪಾಳಿ, ಮದುವೆ, ಮಗನ ಪರೀಕ್ಷೆ, ಏಕಾದಶಿಯೂ ಸೇರಿ. ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಭಾನುವಾರ ರಾತ್ರಿ ಇಡೀ ವಾರದ ಪಟ್ಟಿ ವಾಟ್ಸಾಪಿಗೆ ಹಾಕುತ್ತಿದ್ದೆ. ಮಂಗಳವಾರ 6:30 ಅಜ್ಜ ಮತ್ತು ಸೊಸೆ, 7:15 ಬಾಡಿಗೆದಾರರು, 8ಕ್ಕೆ ಎಲ್ಲರೂ, 9ಕ್ಕೆ ಮುಕ್ತಾಯ. ಒಂಬತ್ತು ಅಂದರೆ ಒಂಬತ್ತು. ನಿರ್ದೇಶಕರು "ಇನ್ನೊಂದೇ ಸಲ" ಅಂದಾಗಲೂ ಎದ್ದು ಫ್ಯಾನ್ ಆಫ್ ಮಾಡುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು, ಬರಲಿ. ಬಿಡುವ ಟೈಮು ನಂಬಿಕೆಯದ್ದಾದ ಮೇಲೆ ಬರುವ ಟೈಮೂ ಸರಿಹೋಯಿತು. ಈ ಇಡೀ ಬರಹದಲ್ಲಿ ಒಂದೇ ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ.

ಇನ್ನು ಸ್ಟೇಜ್ ಮ್ಯಾನೇಜರಿನ ಪುಸ್ತಕ. ನಾಟಕವನ್ನು ಹಾಳೆಯ ಒಂದೇ ಬದಿಗೆ ಪ್ರಿಂಟ್ ಮಾಡಿಸಿ ಫೈಲಿಗೆ ಹಾಕಿ. ಎದುರಿನ ಖಾಲಿ ಪುಟದಲ್ಲಿ ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಬರೆಯಬೇಕು. ಪೆನ್ಸಿಲಿನಲ್ಲೇ, ಯಾಕೆಂದರೆ ಬದಲಾಗುತ್ತಲೇ ಇರುತ್ತದೆ. ನಿರ್ದೇಶಕರು "ನಾನು ಹಾಗೆ ಹೇಳೇ ಇಲ್ಲ" ಅಂದಾಗ ಪುಟ ತೆಗೆದು ತೋರಿಸುವ ಸುಖವೇ ಬೇರೆ. ಎಡ ಬಲ ಅನ್ನುವುದು ಮಾತ್ರ ದೊಡ್ಡ ತಲೆನೋವು. ರಂಗದ ಎಡ ಅಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಎಡ. ಇದನ್ನು ಎಷ್ಟು ಹೇಳಿದರೂ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಕಾಲೇಜು ಮೇಡಂ ಒಂದು ದಾರಿ ತೋರಿಸಿದರು. ಎಡ ಬಲ ಬಿಟ್ಟು 'ಬಾವಿ ಕಡೆ', 'ಬೀದಿ ಕಡೆ' ಅನ್ನಿ ಅಂದರು. ಅವತ್ತಿನಿಂದ ಒಬ್ಬರೂ ತಪ್ಪು ಕಡೆಯಿಂದ ಬರಲಿಲ್ಲ. ಲೈಟಿನವರು, ಸೆಟ್ಟಿನವರು ಕೂಡ ಅದನ್ನೇ ಹೇಳತೊಡಗಿದರು.

ಹಾಲಿನ ರಂಗದ ಅಳತೆ ತಂದು ತಾಲೀಮಿನ ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಗುರುತು ಹಾಕಿದ್ದೆ. ಅಳತೆಯನ್ನು ನೀವೇ ಟೇಪು ಹಿಡಿದು ತನ್ನಿ. ಹಾಲಿನವರು ಬಾಯಲ್ಲಿ ಹೇಳಿದ ಅಗಲದಲ್ಲಿ ಸೈಡ್ ವಿಂಗಿನ, ಅಂದರೆ ರಂಗದ ಪಕ್ಕದಲ್ಲಿ ಪ್ರೇಕ್ಷಕರಿಗೆ ಕಾಣದ ಮರೆಯ, ಜಾಗವೂ ಸೇರಿರುತ್ತದೆ.

ಮಾತು ಬಾಯಿಪಾಠ ಮಾಡುವುದರಲ್ಲಿ ವಯಸ್ಸಿನ ಲೆಕ್ಕ ನಡೆಯುವುದಿಲ್ಲ. ಚಿಕ್ಕವರೇ ಹೆಚ್ಚು ಕೈಕೊಟ್ಟರು. ಅಜ್ಜನ ಪಾತ್ರದ ಸರ್ ಮಾತ್ರ ತಮಗೆ ಮರೆವು ಅಂತ ಮೊದಲೇ ಹೇಳಿ, ಮನೆಯವರ ಧ್ವನಿಯಲ್ಲಿ ಬೇರೆಯವರ ಮಾತುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡರು. ತಮ್ಮ ಮಾತು ಬರುವ ಕಡೆ ಅಷ್ಟು ಹೊತ್ತು ಖಾಲಿ. ಬಿಎಂಟಿಸಿ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಉತ್ತರ ಕೊಡುತ್ತಾ ಬರುತ್ತಿದ್ದರಂತೆ. "ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಮ್ಮ" ಅಂತ ನಗುತ್ತಿದ್ದರು. ಸೈಡ್ ವಿಂಗಿನಿಂದ ಮಾತು ಎತ್ತಿಕೊಡುವುದನ್ನು ಯಾವ ದಿನದಿಂದ ನಿಲ್ಲಿಸುತ್ತೀರಿ ಅಂತ ಮೊದಲೇ ತಾರೀಕು ಹೇಳಿಬಿಡಿ. ಇಲ್ಲದಿದ್ದರೆ ಪ್ರದರ್ಶನದ ದಿನವೂ ನಿಮ್ಮ ಮುಖ ನೋಡುತ್ತಾರೆ.

ಜನವರಿಯಲ್ಲಿ ಪೆಟ್ಟು ಬಿತ್ತು. ಮಗಳ ಪಾತ್ರ ಮಾಡುತ್ತಿದ್ದವರನ್ನು ಅವರ ಕಂಪನಿ ಹೊರದೇಶಕ್ಕೆ ಕಳಿಸಿತು. ಅಳುತ್ತಾ ಫೋನು ಮಾಡಿದರು. ಬೈಯಲು ಮನಸ್ಸಾಗಲಿಲ್ಲ, ಹೊಟ್ಟೆಪಾಡು ಅಲ್ವಾ? ನಿರ್ದೇಶಕರು ನಾಟಕ ಮುಂದೂಡೋಣ ಅಂದರು. ಹಾಲಿಗೆ ಕಟ್ಟಿದ ದುಡ್ಡು ಹೋಗುತ್ತಿತ್ತು. ಹಳೆಯ ನಾಟಕವೊಂದರಲ್ಲಿ ಮಾಡಿದ್ದ ಹುಡುಗಿಯನ್ನು ಕರೆದೆವು. ಅವಳಿಗೆ ನಿರ್ದೇಶಕರು ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಗಲಿಲ್ಲ. ಎರಡು ಭಾನುವಾರ ನನ್ನ ಫೈಲು ಹಿಡಿದುಕೊಂಡು ನಾವಿಬ್ಬರೇ ಖಾಲಿ ಮಹಡಿಯಲ್ಲಿ ಓಡಾಡಿದೆವು. ಯಾವ ಮಾತಿಗೆ ಕೊಡ ಎತ್ತಬೇಕು, ಯಾವ ಮಾತಿಗೆ ಕಟ್ಟೆಯ ಮೇಲೆ ಕೂರಬೇಕು, ಎಲ್ಲ ಅದರಲ್ಲಿತ್ತು. ಆ ಪೆನ್ಸಿಲ್ ಗೀಟುಗಳಿಗೆ ಅವತ್ತು ಕೈಮುಗಿದೆ.

ಪ್ರಾಪ್ಸ್ ಬಗ್ಗೆ ಹೇಳಲು ಕೂತರೆ ಮುಗಿಯುವುದಿಲ್ಲ. ಹಿತ್ತಾಳೆ ಕೊಡ ಯಾರದೋ ಅಜ್ಜಿಯದು, ರೇಡಿಯೋ ಗೆಳೆಯರೊಬ್ಬರ ಅಟ್ಟದಿಂದ ಬಂತು. ಟೇಪು, ಸಣ್ಣ ಟಾರ್ಚು, ಕತ್ತಲಲ್ಲಿ ಹೊಳೆಯುವ ಪಟ್ಟಿ ಎಸ್.ಪಿ. ರಸ್ತೆಯಲ್ಲಿ ಸಿಕ್ಕವು. ಊಟದ ದೃಶ್ಯಕ್ಕೆ ನಿರ್ದೇಶಕರು ನಿಜವಾದ ಚಿತ್ರಾನ್ನ ಬೇಕು ಅಂದರು. ತಾಲೀಮಿನಲ್ಲಿ ಬಾಡಿಗೆದಾರನ ಗಂಟಲಿಗೆ ಒಗ್ಗರಣೆಯ ಕಡಲೆಬೇಳೆ ಸಿಕ್ಕಿ, ಅವರು ಕೆಮ್ಮಿದ ಕೆಮ್ಮಿಗೆ ದೃಶ್ಯವೇ ನಿಂತಿತು. ಬಾಳೆಹಣ್ಣಿಗೆ ಬಂದೆವು. ಬೇಗ ಕರಗುತ್ತದೆ, ಮಾತಿಗೆ ಅಡ್ಡ ಬರುವುದಿಲ್ಲ. ರಂಗದ ಹಿಂದಿನ ಮೇಜಿನ ಮೇಲೆ ಕಂದು ಕಾಗದ ಹಾಸಿ, ಪ್ರತಿ ಸಾಮಾನಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು ಹೆಸರು ಬರೆದಿದ್ದೆ. ಯಾವುದು ಇಲ್ಲ ಅಂತ ಒಂದು ನೋಟದಲ್ಲಿ ಗೊತ್ತಾಗುತ್ತದೆ. ಇನ್ನೊಬ್ಬರ ಸಾಮಾನು ಮುಟ್ಟಬಾರದು ಅನ್ನುವ ನಿಯಮವನ್ನು ದೊಡ್ಡವರಿಗೂ ಹೇಳಬೇಕಾಗುತ್ತದೆ. ಸುಮ್ನೆ ಎತ್ತಿ ನೋಡಿ ಎಲ್ಲೋ ಇಟ್ಟುಬಿಡುತ್ತಾರೆ.

ಖರ್ಚು ಒಟ್ಟು 70 ಸಾವಿರ ದಾಟಿತು. ಹಾಲ್ ಬಾಡಿಗೆ, ಲೈಟು, ಬಟ್ಟೆ, ಮೇಕಪ್, ಸೆಟ್ಟು, ಸಾಮಾನು ಸಾಗಿಸುವ ಟಾಟಾ ಏಸ್, ಇವೆಲ್ಲ ಅಂದಾಜಿನಲ್ಲಿದ್ದವು. ಅಂದಾಜು ಮೀರಿದ್ದು ಕಾಫಿ ತಿಂಡಿ. ತಾಲೀಮಿನ ವಡೆ, ಟೀ ಖರ್ಚನ್ನು ಯಾರೂ ಬಜೆಟ್ಟಿನಲ್ಲಿ ಬರೆಯುವುದಿಲ್ಲ, ನೀವು ಬರೆಯಿರಿ. ಟಿಕೆಟ್ 200 ರೂಪಾಯಿ. ನಾಟಕದ ಟಿಕೆಟ್ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ, ಆ ಚಿಂತೆ ಬೇಡ. ಟಿಕೆಟ್ಟಿನಲ್ಲಿ ಖರ್ಚಿನ ಅರ್ಧದಷ್ಟು ಬಂತು, ಉಳಿದದ್ದು ನಮ್ಮನಮ್ಮ ಜೇಬು.

ಪ್ರದರ್ಶನದ ದಿನಕ್ಕೆ ಬರೋಣ. ಬೆಳಿಗ್ಗೆ 9ಕ್ಕೆ ಹಾಲ್ ಕೊಡುತ್ತೇವೆ ಅಂದಿದ್ದರು. ಹೋದರೆ ಒಳಗೆ ಬೇರೆ ಯಾರದೋ ಸನ್ಮಾನ ಸಮಾರಂಭ. "ಹತ್ತೂವರೆಗೆ ಮುಗಿಯುತ್ತೆ ಮೇಡಂ" ಅಂದರು. ಮಧ್ಯಾಹ್ನ ಒಂದು ಗಂಟೆಯಾದರೂ ಶಾಲು, ಪೇಟ, ಹಾರ ಮುಗಿಯಲಿಲ್ಲ. ಸನ್ಮಾನ ಮಾಡಿಸಿಕೊಂಡವರೆಲ್ಲ ಎರಡೆರಡು ಮಾತಾಡಿದರು. ನಮ್ಮ ಬಾವಿಕಟ್ಟೆ ಹೊರಗೆ ಬಿಸಿಲಲ್ಲಿ, ಲೈಟಿನವರು ಗಾಡಿಯಲ್ಲೇ ನಿದ್ದೆ. ನನಗೆ ಅಳು ಬರುವಂತಾಗಿತ್ತು. ಹಾಲ್ ಕೈಗೆ ಬರುವ ಟೈಮನ್ನು ರಸೀದಿಯ ಮೇಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಅವತ್ತು ಬೆಳಿಗ್ಗೆ ಇನ್ನೊಬ್ಬರಿಗೆ ಕೊಟ್ಟಿಲ್ಲ ಅಂತಲೂ ಬರೆಸಿಕೊಳ್ಳಿ. ಬಾಯಿಮಾತಿಗೆ ಸನ್ಮಾನದ ಮುಂದೆ ಬೆಲೆ ಇಲ್ಲ.

ಹಿಂದಿನ ದಿನ ಶಾಲೆಯ ಮಹಡಿಯಲ್ಲೇ ವೇಷ ಸಮೇತ ಗ್ರ್ಯಾಂಡ್ ರಿಹರ್ಸಲ್ ಮುಗಿಸಿದ್ದು ನಮ್ಮನ್ನು ಉಳಿಸಿತು. ಸಿಕ್ಕ ಸಮಯದಲ್ಲಿ ಪೂರ್ತಿ ನಾಟಕ ಓಡಿಸಲು ಹೋಗಲಿಲ್ಲ. ಲೈಟು, ಶಬ್ದ ಬದಲಾಗುವ ಜಾಗಗಳನ್ನಷ್ಟೇ ಒಂದರ ಹಿಂದೆ ಒಂದು ಮಾಡಿದೆವು. ನಡುವಿನ ಮಾತುಗಳನ್ನು ಹಾರಿಸಿ. ನಟರಿಗೆ ಬೇಜಾರು, ಆದರೆ ಬೇರೆ ದಾರಿ ಇಲ್ಲ. ಮಧ್ಯದಲ್ಲಿ ಕರೆಂಟು ಟ್ರಿಪ್ ಆಯಿತು. ಒಂದೊಂದು ಕಿಲೋವ್ಯಾಟಿನ ಹಳೇ ಪಾರ್ ಲೈಟುಗಳನ್ನು ಒಂದೇ ಪ್ಲಗ್ಗಿಗೆ ನಾಲ್ಕು ಹಾಕಿದ್ದರು. 15 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ಮೂರೂವರೆ ಕಿಲೋವ್ಯಾಟಿನಷ್ಟೂ ತಡೆಯುವುದಿಲ್ಲ. ಇದನ್ನು ಹೇಳಿದ್ದು ನಮ್ಮ ಅಜ್ಜ, ಅರ್ಧ ಮೇಕಪ್ಪಿನಲ್ಲಿ, ಬಿಳಿ ಗಡ್ಡ ಒಂದೇ ಕಡೆ ಅಂಟಿಸಿಕೊಂಡು. ಎಂಜಿನಿಯರ್ ಇದ್ದದ್ದು ಒಳ್ಳೆಯದಾಯಿತು. ಒಳಗೆ ಕರ್ಪೂರ ಹಚ್ಚಲು ಬಿಡಲಿಲ್ಲ, ರಂಗಪೂಜೆ ಹೊರಗಿನ ಮೆಟ್ಟಿಲ ಮೇಲೆ ನಡೆಯಿತು. ಲಾಟೀನಿಗೂ ಬೆಂಕಿ ಇಲ್ಲ, ಒಳಗೆ ಎಲ್‌ಇಡಿ.

ಎರಡನೇ ಬೆಲ್ ಹೊತ್ತಿಗೆ ನಿರ್ದೇಶಕರು ಸೈಡ್ ವಿಂಗಿಗೆ ಬಂದು ಸೊಸೆಯ ಪಾತ್ರಕ್ಕೆ ಹೊಸದೇನೋ ಹೇಳಿಕೊಡತೊಡಗಿದರು. "ಸರ್, ಮುಂದೆ ಹೋಗಿ ಕೂತ್ಕೊಳ್ಳಿ, ಇಲ್ಲಿ ನಾನು ನೋಡ್ಕೋತೀನಿ" ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ಹೋದರು. ಇದನ್ನು ಮೊದಲೇ ಮಾತಾಡಿಕೊಂಡಿರಿ. ಮೂರನೇ ಬೆಲ್ ಆದ ಮೇಲೆ ನಾಟಕ ನಡೆಸುವವರು ಒಬ್ಬರೇ ಇರಬೇಕು.

ಲೈಟಿನವರಿಗೂ ನನಗೂ ನಡುವೆ ಒಂದು ಜೊತೆ ವಾಕಿಟಾಕಿ ಬಾಡಿಗೆಗೆ ತಂದಿದ್ದೆ. "ರೆಡಿ" ಅಂದರೆ ಕೈ ಇಟ್ಟುಕೊಳ್ಳಬೇಕು, "ಗೋ" ಅಂದರೆ ಮಾಡಬೇಕು. ಬೇರೆ ಯಾವ ಮಾತಿಗೂ "ಗೋ" ಅನ್ನುವ ಹಾಗಿಲ್ಲ. ಎರಡನೇ ಅಂಕದವರೆಗೂ ಚೆನ್ನಾಗಿಯೇ ಹೋಯಿತು. ಆಮೇಲೆ ಅಜ್ಜ ಒಂದೂವರೆ ಪುಟ ಹಾರಿಸಿದರು. ರೇಡಿಯೋದಲ್ಲಿ ವಾರ್ತೆ ಬರಬೇಕಾದ ಜಾಗವೂ ಅದರಲ್ಲೇ ಹೋಯಿತು. ಆ ವಾರ್ತೆ ಇಲ್ಲದಿದ್ದರೆ ಮುಂದಿನ ಜಗಳಕ್ಕೆ ಕಾರಣವೇ ಇಲ್ಲ. ವಾಕಿಟಾಕಿಯಲ್ಲಿ ಲೈಟಿನವರು "ಮೇಡಂ ಏನ್ ಮಾಡ್ಲಿ, ಏನ್ ಮಾಡ್ಲಿ" ಅನ್ನುತ್ತಿದ್ದಾರೆ. "ಏನೂ ಮುಟ್ಟಬೇಡಿ, ಹಾಗೇ ಇರಿ" ಅಂದೆ. ಫೈಲಿನಲ್ಲಿ ನಟರು ಎಲ್ಲಿದ್ದಾರೆ ಅಂತ ಹುಡುಕಿ ಬೆರಳಿಟ್ಟುಕೊಂಡೆ. ಅಷ್ಟರಲ್ಲಿ ಹೊಸ ಹುಡುಗಿ, ಮಗಳ ಪಾತ್ರದವಳು, "ಅಪ್ಪ, ರೇಡಿಯೋ ಹಾಕಲಾ?" ಅಂದಳು. ನಾಟಕದಲ್ಲಿ ಇಲ್ಲದ ಮಾತು. "ಸೌಂಡ್, ಗೋ." ವಾರ್ತೆ ಬಂತು. ಪ್ರೇಕ್ಷಕರಿಗೆ ಏನೂ ಗೊತ್ತಾಗಲಿಲ್ಲ. ನನ್ನ ಕಾಲು ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಕೊನೆಗೆ ಎಲ್ಲರನ್ನೂ ರಂಗಕ್ಕೆ ಕರೆದು ಪರಿಚಯ ಮಾಡಿಸುತ್ತಾರಲ್ಲ, ಆ ಪಟ್ಟಿಯನ್ನು ಮೊದಲೇ ಬರೆದಿಡಿ. ನಟರು ಸಿಟ್ಟು ಮಾಡಿಕೊಳ್ಳುವುದು ಪಾತ್ರ ಚಿಕ್ಕದಾದದ್ದಕ್ಕಲ್ಲ, ಹೆಸರು ಬಿಟ್ಟುಹೋದದ್ದಕ್ಕೆ. ಮೇಕಪ್ಪಿನವರು, ಟಾಟಾ ಏಸ್ ಅಣ್ಣ, ಶಾಲೆಯ ವಾಚ್‌ಮನ್, ಎಲ್ಲರೂ ಇರಲಿ. ಅದು ಮುಗಿದ ಮೇಲೆ ನೆಂಟರಿಷ್ಟರೆಲ್ಲ ಬಾವಿಕಟ್ಟೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಾಲಿನವರು ಹತ್ತು ಗಂಟೆಯಾಯಿತು ಅಂತ ಲೈಟು ಆರಿಸತೊಡಗುತ್ತಾರೆ. ತಡವಾದರೆ ಗಂಟೆ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಫೋಟೋಗೆ ಹದಿನೈದು ನಿಮಿಷ ಅಂತ ಮೈಕಿನಲ್ಲೇ ಹೇಳಿಬಿಡಿ. ಸೆಟ್ ಬಿಚ್ಚಲು ಯಾರು, ಬಟ್ಟೆ ಎಣಿಸಲು ಯಾರು ಅಂತ ಹೆಸರು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಎಲ್ಲರೂ ಹೋಟೆಲಿಗೆ ಹೊರಟಿರುತ್ತಾರೆ.

ಡೆಪಾಸಿಟ್ ಇನ್ನೂ ಬಂದಿಲ್ಲ. ಗ್ರೀನ್ ರೂಮಿನ ಗೋಡೆಯ ಬಣ್ಣ ಕಿತ್ತಿದೆ, ಕನ್ನಡಿ ಒಡೆದಿದೆ ಅನ್ನುತ್ತಿದ್ದಾರೆ. ಹಾಲಿನ ಒಳಗೆ ಕಾಲಿಟ್ಟ ಕೂಡಲೇ ಗೋಡೆ, ಕನ್ನಡಿ, ನೆಲ, ಸ್ವಿಚ್ಚು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಸನ್ಮಾನದವರು ಹೊರಗೆ ಹೋಗುತ್ತಿದ್ದಾಗಲೇ ನಾನು ತೆಗೆದಿದ್ದೆ, ಒಡೆದ ಕನ್ನಡಿ ಅದರಲ್ಲಿದೆ. ಸೋಮವಾರ ಅದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಿದ್ದೇನೆ.